ಡಚ್‌ನಲ್ಲಿ ವಸ್ತು ಎಲ್ಲಿದೆ ಎಂದು ಹೇಳುವಾಗ ಕ್ರಿಯಾಪದ ಆರಿಸುವ ಕ್ರಮ

ಎಲ್ಲದಕ್ಕೂ ‘ಇಸ್’ (ಇದೆ) ಹಾಕಿದರೆ ಡಚ್ಚರಿಗೆ ಅರ್ಥವೇನೋ ಆಗುತ್ತದೆ, ಆದರೆ ವಾಕ್ಯ ಪರಕೀಯವಾಗಿ ಕೇಳಿಸುತ್ತದೆ.

ಪ್ರತಿ ನಾಮಪದಕ್ಕೂ ಒಂದು ಕ್ರಿಯಾಪದ ಬಾಯಿಪಾಠ ಮಾಡಿದ್ದು ಕೆಲಸಕ್ಕೆ ಬರಲಿಲ್ಲ: ನಿಂತ ಬಾಟಲಿ ‘ಸ್ಟಾಟ್’ (ನಿಂತಿದೆ), ಉರುಳಿದರೆ ಅದೇ ಬಾಟಲಿ ‘ಲಿಖ್ಟ್’ (ಮಲಗಿದೆ). ಆಕಾರ ನೋಡುವುದೂ ಕೈಕೊಟ್ಟಿತು. ಚಪ್ಪಟೆ ತಟ್ಟೆ ಕೂಡ ಮೇಜಿನ ಮೇಲೆ ‘ಸ್ಟಾಟ್’, ಏಕೆಂದರೆ ಅದು ತನ್ನ ತಳದ ಮೇಲೆ ನಿಂತಿದೆ.

ಸರಿಹೋದದ್ದು ಈ ಕ್ರಮದಲ್ಲಿ ಕೇಳಿಕೊಂಡು, ಮೊದಲ ‘ಹೌದು’ಗೆ ನಿಂತಾಗ. ಒಳಗೆ ಸೇರಿಕೊಂಡಿದೆಯೇ, ಅಂಟಿಕೊಂಡಿದೆಯೇ? ‘ಝಿಟ್’: ಜೇಬಿನ ಕೀಲಿ, ಅಂಗಿಯ ಕಲೆ. (ಫ್ರಿಜ್‌ನ ಹಾಲಿನ ಪೊಟ್ಟಣ ಮಾತ್ರ ‘ಸ್ಟಾಟ್’, ಅಲ್ಲಿ ಅದು ನಿಂತಿರುವುದೇ ಮುಖ್ಯ.) ತೂಗುತ್ತಿದೆಯೇ? ‘ಹಾಂಗ್ಟ್’. ತಳ, ಕಾಲು, ಚಕ್ರದ ಮೇಲೆ ನಿಂತಿದೆಯೇ? ‘ಸ್ಟಾಟ್’: ಸೈಕಲ್, ಕಾರು, ಮನೆ. ಮಿಕ್ಕಿದ್ದಕ್ಕೆ ‘ಲಿಖ್ಟ್’: ಪುಸ್ತಕ, ಚೆಂಡು, ಊರುಗಳು ಕೂಡ. ಪತ್ರಿಕೆಯಲ್ಲಿ ಅಚ್ಚಾದ ಸುದ್ದಿ ‘ಸ್ಟಾಟ್’; ಇದನ್ನು ನೆನಪಿಟ್ಟುಕೊಳ್ಳುವುದೇ ದಾರಿ.

ಆಮೇಲೆ ‘ಎರ್’, ಇಂಗ್ಲಿಷಿನ ‘there is’ನಲ್ಲಿನ ‘there’ ಇದ್ದಂತೆ. ಹೊಸದಾಗಿ ಹೇಳುವ ವಸ್ತುವಾದರೆ ‘ಎರ್ ಸ್ಟಾಟ್ ಅನ್ ಫ್ಲೆಸ್ ಒಪ್ ಟಾಫಲ್’ (ಮೇಜಿನ ಮೇಲೆ ಒಂದು ಬಾಟಲಿ ಇದೆ). ಗೊತ್ತಿರುವ ಬಾಟಲಿಯಾದರೆ ‘ದ ಫ್ಲೆಸ್ ಸ್ಟಾಟ್ ಒಪ್ ಟಾಫಲ್’ (ಆ ಬಾಟಲಿ ಮೇಜಿನ ಮೇಲಿದೆ). ಇಡುವ ಕ್ರಿಯೆಗೂ ಇದೇ ಲೆಕ್ಕ: ನಿಲ್ಲಿಸಿ ಇಟ್ಟರೆ ‘ಝೆಟನ್’, ಮಲಗಿಸಿ ಇಟ್ಟರೆ ‘ಲೆಖನ್’.