ಹೇಜ್ ಯಂತ್ರಕ್ಕೆ ಯಾವ ದ್ರವ? ಆರಿಸುವ ಕ್ರಮ ಹೀಗಿರಲಿ

ಶಾಲೆಯ ವಾರ್ಷಿಕೋತ್ಸವದಿಂದ ಹಿಡಿದು ಮದುವೆಯ ಆರತಕ್ಷತೆಯವರೆಗೆ ಈಗ ಶಾರ್ಪಿ ದೀಪಗಳಿಲ್ಲದ, ಅಂದರೆ ಕಿರಿದಾದ ತೀಕ್ಷ್ಣ ಕಿರಣ ಬಿಡುತ್ತ ತಿರುಗುವ ದೀಪಗಳಿಲ್ಲದ ವೇದಿಕೆಯೇ ಅಪರೂಪ. ದೀಪಗಳ ಬಾಡಿಗೆಗೆ ಧಾರಾಳವಾಗಿ ಹಣ ಕೊಡುವ ಸಂಘಟಕರು, ಆ ದೀಪಗಳ ಕಿರಣ ಗಾಳಿಯಲ್ಲಿ ಕಾಣುವಂತೆ ತೆಳು ಮಂಜು ಹರಡುವ ಹೇಜ್ ಯಂತ್ರದ ದ್ರವದ ವಿಷಯ ಬಂದಾಗ ಮಾತ್ರ ‘ಯಾವುದಾದರೂ ಒಂದು ಲಿಕ್ವಿಡ್ ತನ್ನಿ’ ಎಂದು ಕೈತೊಳೆದುಕೊಳ್ಳುತ್ತಾರೆ. ಮುಂದಿನ ಸಾಲಿನವರು ಕೆಮ್ಮುವುದು, ನೃತ್ಯ ಮಾಡುವ ಮಕ್ಕಳು ಜಾರುವುದು, ಹೊಸ ಯಂತ್ರ ಒಂದೇ ಸೀಸನ್ನಿನಲ್ಲಿ ಕಟ್ಟಿಕೊಳ್ಳುವುದು, ಇವೆಲ್ಲ ಬಹುಪಾಲು ಈ ಒಂದು ಉದಾಸೀನದ ಫಲ. ಕ್ರಮವಾಗಿ ನೋಡಿಕೊಂಡು ಕೊಂಡರೆ ಇವುಗಳಲ್ಲಿ ಹೆಚ್ಚಿನವನ್ನು ತಪ್ಪಿಸಬಹುದು.

ಮೊದಲು ಹೇಜ್ ಮತ್ತು ಫಾಗ್ ಬೇರೆ ಬೇರೆ ಎಂಬುದು ಮನಸ್ಸಿನಲ್ಲಿರಲಿ. ಫಾಗ್ ಎಂದರೆ ಮೋಡದಂತೆ ದಟ್ಟವಾಗಿ ನುಗ್ಗುವ ಹೊಗೆ; ಅದು ಸ್ವತಃ ಒಂದು ದೃಶ್ಯ. ಹೇಜ್ ಎಂದರೆ ಸಭಾಂಗಣದ ತುಂಬ ತೆಳುವಾಗಿ, ಸಮನಾಗಿ ಹರಡಿ, ತಾನು ಕಾಣದೆ ಬೆಳಕನ್ನಷ್ಟೇ ಕಾಣಿಸುವ ಮಂಜು. ಹಳೆಯ ಮನೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲು ನಮಗೆ ಕಾಣುವುದು ಗಾಳಿಯಲ್ಲಿ ತೇಲುವ ಧೂಳಿನ ಕಣಗಳಿಂದ. ಹೇಜ್ ಮಾಡುವ ಕೆಲಸವೂ ಅದೇ. ಒಳ್ಳೆಯ ಹೇಜ್‌ನ ಹನಿಗಳು ಒಂದು ಮೈಕ್ರಾನ್‌ನ ಆಸುಪಾಸಿನಲ್ಲಿರುತ್ತವೆ. ಇಷ್ಟು ಸಣ್ಣ ಹನಿ ಬೇಗ ಕೆಳಗಿಳಿಯುವುದಿಲ್ಲ, ತನ್ನ ಮೇಲೆ ಬಿದ್ದ ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚದುರಿಸುತ್ತದೆ. ಆದ್ದರಿಂದ ವೇದಿಕೆಯ ಹಿಂಭಾಗದಿಂದ ಪ್ರೇಕ್ಷಕರತ್ತ ಬರುವ ಕಿರಣಗಳು ಎದ್ದು ಕಾಣುತ್ತವೆ, ಎದುರಿನಿಂದ ಹಾಕಿದ ದೀಪಗಳ ಕಿರಣಗಳು ಮಂಕಾಗಿ ಕಾಣುತ್ತವೆ. ಕಿರಣ ಕಾಣುತ್ತಿಲ್ಲವೆಂದು ದ್ರವವನ್ನು ಬೈಯುವ ಮುನ್ನ ದೀಪ ಎಲ್ಲಿದೆ ಎಂದು ನೋಡಬೇಕು.

ಯಂತ್ರ ಯಾವುದು?

ದ್ರವದ ಆಯ್ಕೆ ಅಂಗಡಿಯಲ್ಲಿ ಆರಂಭವಾಗುವುದಿಲ್ಲ, ಯಂತ್ರದ ಹಿಂಬದಿಯ ಫಲಕದಲ್ಲಿ ಆರಂಭವಾಗುತ್ತದೆ. ಹೇಜ್ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಕುಲಗಳಿವೆ. ಒಂದು, ನೀರು ಮತ್ತು ಗ್ಲೈಕಾಲ್ ಬೆರೆತ ದ್ರವವನ್ನು ಪಂಪಿನ ಮೂಲಕ ಹೀಟರಿಗೆ ಹರಿಸಿ ಆವಿ ಮಾಡಿ, ಫ್ಯಾನಿನಿಂದ ಚದುರಿಸುವಂಥದ್ದು. ಲುಕ್ ಸೊಲ್ಯೂಷನ್ಸ್‌ನ ಯೂನಿಕ್ ಈ ಬಗೆಯದು. ಇನ್ನೊಂದು, ಕಾಯಿಸುವ ಗೋಜಿಲ್ಲದೆ ಶುದ್ಧ ಮಿನರಲ್ ಆಯಿಲ್‌ನೊಳಗೆ ಕಂಪ್ರೆಸರಿನ ಗಾಳಿಯನ್ನು ಹಾಯಿಸಿ ಸೂಕ್ಷ್ಮ ಹನಿಗಳನ್ನು ಹೊಮ್ಮಿಸುವಂಥದ್ದು. ಚಿತ್ರೀಕರಣದವರಿಗೆ ಪರಿಚಿತವಾದ ಡಿಎಫ್-50 ಇದಕ್ಕೆ ಉದಾಹರಣೆ. ಒಂದರ ದ್ರವ ಇನ್ನೊಂದಕ್ಕೆ ಸರ್ವಥಾ ಆಗದು. ನೀರಿನ ದ್ರವಕ್ಕೆಂದು ಮಾಡಿದ ಬಿಸಿ ಯಂತ್ರಕ್ಕೆ ಎಣ್ಣೆ ಸುರಿದರೆ ಬೆಂಕಿಯ ಅಪಾಯವಿದೆ. ಎಣ್ಣೆಯನ್ನು ಕಾಯಿಸಿಯೇ ಬಳಸುವ, ಎಂಡಿಜಿ ಕಂಪನಿ ಮಾಡುವಂತಹ ಯಂತ್ರಗಳಿವೆ, ನಿಜ. ಅವು ಇಂಗಾಲದ ಡೈಆಕ್ಸೈಡ್ ಅಥವಾ ಸಾರಜನಕದ ನೆರವಿನಿಂದ ಕೆಲಸ ಮಾಡುವಂತೆ ರೂಪಿಸಿದ ಯಂತ್ರಗಳು. ಅದನ್ನು ತೋರಿಸಿ ನಿಮ್ಮ ಯಂತ್ರಕ್ಕೂ ಎಣ್ಣೆ ನಡೆಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ನಾನು ಅತಿ ಹೆಚ್ಚು ಕಂಡಿರುವ ಎಡವಟ್ಟು ಇದಕ್ಕಿಂತ ಸರಳವಾದದ್ದು: ಹೇಜ್ ಯಂತ್ರಕ್ಕೆ ಫಾಗ್ ಲಿಕ್ವಿಡ್ ಹಾಕುವುದು. ಎರಡೂ ನೀರು ಮತ್ತು ಗ್ಲೈಕಾಲ್‌ನಿಂದಾದದ್ದೇ ಅಲ್ಲವೇ ಎಂಬ ವಾದವನ್ನು ಲೈಟಿಂಗ್‌ನವರೇ ಮುಂದಿಡುತ್ತಾರೆ. ಆದರೆ ಗ್ಲೈಕಾಲ್‌ಗಳೆಲ್ಲ ಒಂದೇ ಅಲ್ಲ. ಪ್ರೊಪಿಲೀನ್ ಗ್ಲೈಕಾಲ್ ಸುಮಾರು 188 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಟ್ರೈಎಥಿಲೀನ್ ಗ್ಲೈಕಾಲ್ ಸುಮಾರು 285ರಲ್ಲಿ, ಗ್ಲಿಸರಿನ್ ಸುಮಾರು 290ರಲ್ಲಿ. ಬೇಗ ಕುದಿಯುವ ವಸ್ತುವಿನ ಹನಿ ಗಾಳಿಯಲ್ಲಿ ಬೇಗ ಆರಿಹೋಗುತ್ತದೆ, ತಡವಾಗಿ ಕುದಿಯುವುದರ ಹನಿ ಬಹಳ ಹೊತ್ತು ತೇಲುತ್ತದೆ. ತಯಾರಕರು ಈ ಲೆಕ್ಕಾಚಾರದ ಮೇಲೆಯೇ ದ್ರವದ ಹದವನ್ನೂ ಅದಕ್ಕೆ ತಕ್ಕ ಹೀಟರಿನ ಉಷ್ಣತೆಯನ್ನೂ ಗೊತ್ತುಮಾಡಿರುತ್ತಾರೆ. ಹದ ತಪ್ಪಿದ ದ್ರವ ಹಾಕಿದಾಗ ಒಂದೋ ಅದು ಪೂರ್ತಿ ಆವಿಯಾಗದೆ ನಾಝಲ್‌ನಿಂದ ಒದ್ದೆಯಾಗಿ ಉಗುಳಿಬರುತ್ತದೆ, ಇಲ್ಲವೇ ಅತಿಯಾಗಿ ಕಾದು ವಿಘಟನೆಯಾಗುತ್ತದೆ. ಗ್ಲಿಸರಿನ್ ಹೀಗೆ ಸುಟ್ಟಾಗ ಅಕ್ರೋಲೀನ್ ಎಂಬ ಉರಿ ಬರಿಸುವ ಆವಿ ಹುಟ್ಟುತ್ತದೆ. ಬಾಣಲೆಯ ಎಣ್ಣೆ ಮಿತಿಮೀರಿ ಕಾದಾಗ ಕಣ್ಣು ಮೂಗಿಗೆ ಅಡರುವ ಘಾಟಿನಲ್ಲಿರುವುದೂ ಅದೇ. ಯಂತ್ರದಿಂದ ಅಂಥ ಘಾಟು ಬಂದ ಕ್ಷಣವೇ ಅದನ್ನು ಆರಿಸಿ ಸಭಾಂಗಣದ ಬಾಗಿಲುಗಳನ್ನು ತೆರೆಸಬೇಕು. ಸುಗಂಧದ ಲಿಕ್ವಿಡ್ ಬೆರೆಸಿ ಮುಚ್ಚಿಹಾಕುವ ಮಾತಲ್ಲ ಅದು.

ಯಂತ್ರದ ತಯಾರಕರು ಹೆಸರಿಸಿದ ದ್ರವವನ್ನೇ ಕೊಳ್ಳಿ ಎಂಬುದು ನನ್ನ ಖಚಿತ ಸಲಹೆ. ಬೆಲೆ ಹೆಚ್ಚು ಎಂಬ ದೂರಿಗೆ ಉತ್ತರ ಸುಲಭ: ಹೇಜ್ ಯಂತ್ರ ಫಾಗ್ ಯಂತ್ರದಂತೆ ಗಂಟೆಗೆ ಲೀಟರುಗಟ್ಟಲೆ ಕುಡಿಯುವುದಿಲ್ಲ. ಲೀಟರಿನ ಬೆಲೆಯನ್ನಲ್ಲ, ಒಂದು ಪ್ರದರ್ಶನಕ್ಕೆ ಬೀಳುವ ಖರ್ಚನ್ನು ಲೆಕ್ಕಹಾಕಿ ನೋಡಬೇಕು.

ಕ್ಯಾನಿನ ಮೇಲೆ ಏನು ಬರೆದಿದೆ?

ಎಡವುವುದು ಇಲ್ಲಿಯೇ ಹೆಚ್ಚು. ನಮ್ಮ ಮಾರುಕಟ್ಟೆಯಲ್ಲಿ ಐದು ಲೀಟರಿನ ಬಿಳಿ ಕ್ಯಾನಿನಲ್ಲಿ ನೀಲಿ, ಹಸಿರು, ಗುಲಾಬಿ ಬಣ್ಣದ ಫಾಗ್ ಲಿಕ್ವಿಡ್‌ಗಳು ಸಿಗುತ್ತವೆ. ಮೇಲೊಂದು ಹೊಳೆಯುವ ಚೀಟಿ, ಅದರ ಮೇಲೆ ‘ಹೈ ಡೆನ್ಸಿಟಿ’, ‘ಪ್ರೊಫೆಷನಲ್’ ಎಂಬ ಪದಗಳು; ಒಳಗೆ ಏನಿದೆ ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಬಣ್ಣದಿಂದ ಹೊಗೆಗೆ ಬಣ್ಣ ಬರುವುದಿಲ್ಲ, ಬರುವುದು ದೀಪದಿಂದ. ಬಣ್ಣ ಮತ್ತು ಸುಗಂಧ ಎರಡೂ ಹೀಟರಿನಲ್ಲಿ ಸುಟ್ಟು ಕಸರಾಗಿ ಉಳಿಯುವ, ಉಸಿರಿನೊಳಗೆ ಹೋಗಬೇಕಿಲ್ಲದ ವಸ್ತುಗಳು. ಬಣ್ಣವಿಲ್ಲದ, ವಾಸನೆಯಿಲ್ಲದ ದ್ರವವನ್ನಷ್ಟೇ ಪರಿಗಣಿಸಿ.

ಅನಂತರ ಮಾರಾಟಗಾರರಿಂದ ಸುರಕ್ಷತಾ ಮಾಹಿತಿ ಪತ್ರವನ್ನು, ಅಂದರೆ ಎಸ್‌ಡಿಎಸ್ ಅನ್ನು ಕೇಳಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಸಣ್ಣ ಅಂಗಡಿಯಾದರೂ, ಆನ್‌ಲೈನ್ ಮಾರಾಟವಾದರೂ ಕೇಳುವುದರಲ್ಲಿ ಸಂಕೋಚ ಬೇಡ; ಕೊಡಲಾಗದವರಿಂದ ಕೊಳ್ಳಬೇಡಿ. ಪತ್ರದ ಮೂರನೆಯ ಭಾಗದಲ್ಲಿ ಘಟಕಗಳ ಪಟ್ಟಿಯೂ ಪ್ರತಿ ಘಟಕದ ಮುಂದೆ ಸಿಎಎಸ್ ಸಂಖ್ಯೆಯೂ, ಅಂದರೆ ಆ ರಾಸಾಯನಿಕಕ್ಕೆ ಮಾತ್ರ ಮೀಸಲಾದ ಗುರುತಿನ ಸಂಖ್ಯೆಯೂ ಇರುತ್ತವೆ. ಹೆಸರಿಗಿಂತ ಈ ಸಂಖ್ಯೆಯನ್ನು ನಂಬಬೇಕು, ಏಕೆಂದರೆ ‘ಗ್ಲೈಕಾಲ್’ ಎಂಬ ಒಂದೇ ಮಾತಿನ ಕೆಳಗೆ ಒಳ್ಳೆಯದೂ ವಿಷವೂ ಅಡಗಿರಬಹುದು. ಪ್ರೊಪಿಲೀನ್ ಗ್ಲೈಕಾಲ್‌ನ ಸಂಖ್ಯೆ 57-55-6, ಟ್ರೈಎಥಿಲೀನ್ ಗ್ಲೈಕಾಲ್‌ನದು 112-27-6, ಗ್ಲಿಸರಿನ್‌ನದು 56-81-5, ಬಿಳಿ ಮಿನರಲ್ ಆಯಿಲ್‌ನದು 8042-47-5. ಇವು ಈ ಉದ್ಯಮದಲ್ಲಿ ವಾಡಿಕೆಯಲ್ಲಿರುವ ವಸ್ತುಗಳು. 107-21-1 ಕಂಡರೆ ಅದು ಎಥಿಲೀನ್ ಗ್ಲೈಕಾಲ್, ಅಂದರೆ ವಾಹನಗಳ ರೇಡಿಯೇಟರಿಗೆ ಹಾಕುವ ಕೂಲೆಂಟ್‌ನ ಮುಖ್ಯ ವಸ್ತು. 111-46-6 ಕಂಡರೆ ಅದು ಡೈಎಥಿಲೀನ್ ಗ್ಲೈಕಾಲ್. ಇವೆರಡೂ ಮೂತ್ರಪಿಂಡವನ್ನು ಕೆಡಿಸುವ ವಿಷಗಳು. ಪಟ್ಟಿಯಲ್ಲಿ ಇವುಗಳಲ್ಲಿ ಯಾವುದಿದ್ದರೂ ಕ್ಯಾನನ್ನು ಅಲ್ಲಿಯೇ ಬಿಟ್ಟುಬನ್ನಿ.

ಇದು ಅತಿ ಎಚ್ಚರಿಕೆಯ ಮಾತು ಎನ್ನಿಸಿದರೆ ನಮ್ಮ ದೇಶದ ಅನುಭವವನ್ನೇ ನೆನೆಯಬಹುದು. 1986ರಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆಗೆ ಕೊಟ್ಟ ಗ್ಲಿಸರಿನ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತು ರೋಗಿಗಳು ಪ್ರಾಣ ಕಳೆದುಕೊಂಡರು. ಆ ಬಳಿಕವೂ ಕೆಮ್ಮಿನ ಸಿರಪ್‌ಗಳಲ್ಲಿ ಇದೇ ಕಲಬೆರಕೆ ಮರುಕಳಿಸಿದೆ. ಔಷಧಕ್ಕೇ ಹೀಗಾಗುವಾಗ, ಕೈಗಾರಿಕಾ ದರ್ಜೆಯ ಡ್ರಮ್ಮಿನಿಂದ ತುಂಬಿದ ಹೆಸರಿಲ್ಲದ ಕ್ಯಾನಿಗೆ ಯಾರು ಹೊಣೆ? ಯುಎಸ್‌ಪಿ ಅಥವಾ ಐಪಿ ದರ್ಜೆ, ಅಂದರೆ ಔಷಧ ದರ್ಜೆಯ ಕಚ್ಚಾವಸ್ತುವಿನಿಂದ ಮಾಡಿದ್ದೆಂದು ತಯಾರಕರು ಬರವಣಿಗೆಯಲ್ಲಿ ಹೇಳಿರುವ ದ್ರವವನ್ನೇ ಆರಿಸಬೇಕು.

ಮನೆಯಲ್ಲೇ ಬೆರೆಸುವ ಅಡ್ಡದಾರಿಯನ್ನು ಅನೇಕ ತಂಡಗಳು ಹಿಡಿದಿವೆ. ಮೆಡಿಕಲ್ ಶಾಪಿನ ಗ್ಲಿಸರಿನ್‌ಗೆ ಬೋರ್‌ವೆಲ್ ನೀರು ಬೆರೆಸಿದರೆ ಮೊದಲ ದಿನ ಹೊಗೆ ಬರುತ್ತದೆ, ಅನುಮಾನವಿಲ್ಲ. ಆದರೆ ನಮ್ಮ ಕಡೆಯ ಗಡಸು ನೀರಿನ ಸುಣ್ಣದಂಶ ಹೀಟರಿನ ಸಣ್ಣ ಕೊಳವೆಯೊಳಗೆ ಪದರ ಕಟ್ಟುತ್ತ ಹೋಗಿ ಕೊನೆಗೆ ಪಂಪೂ ಕೈಕೊಡುತ್ತದೆ. ಎಣ್ಣೆಯ ಯಂತ್ರಕ್ಕೆ ಬೇಬಿ ಆಯಿಲ್ ಹಾಕುವವರೂ ಇದ್ದಾರೆ. ಅದರಲ್ಲಿ ಮಿನರಲ್ ಆಯಿಲ್ ಇದ್ದರೂ ಜೊತೆಗಿರುವ ಸುಗಂಧದ್ರವ್ಯವನ್ನು ಉಸಿರಾಡಲೆಂದು ಬೆರೆಸಿಲ್ಲ.

ಉಸಿರಾಡುವವರು ಯಾರು?

ಯಂತ್ರಕ್ಕೆ ಎರಡು ಮೂರು ದ್ರವ ಒಗ್ಗುವಂತಿದ್ದರೆ ವೇದಿಕೆಯ ಮೇಲಿನವರನ್ನು ನೋಡಿ ಆರಿಸಬೇಕು. ಗ್ಲೈಕಾಲ್ ನೀರನ್ನು ಹೀರಿಕೊಳ್ಳುವ ಗುಣದ್ದು; ದಟ್ಟವಾಗಿದ್ದರೆ ಗಂಟಲು ಒಣಗುತ್ತದೆ. ಸಂಗೀತ ಕಛೇರಿಗೆ, ಗಂಟೆಗಟ್ಟಲೆ ಏರುದನಿಯಲ್ಲಿ ಹಾಡುವ ಯಕ್ಷಗಾನದ ಭಾಗವತರಿಗೆ ಅದು ಸಣ್ಣ ತೊಂದರೆಯಲ್ಲ. ಬರಿಗಾಲಿನ ಭರತನಾಟ್ಯವಿದ್ದರೆ ನೆಲದ ಮೇಲೆ ಜಿಗುಟು ಬಿಡುವ ಗ್ಲಿಸರಿನ್ ಪ್ರಧಾನ ದ್ರವವನ್ನು ದೂರವಿಡಿ. ಮೂವಿಂಗ್ ಹೆಡ್‌ಗಳು (ತಲೆ ತಿರುಗಿಸುವ ದೀಪಗಳು) ಮತ್ತು ಪ್ರೊಜೆಕ್ಟರುಗಳು ದಿನಗಟ್ಟಲೆ ಅದೇ ಸಭಾಂಗಣದಲ್ಲಿ ಇರುವುದಾದರೆ ಎಣ್ಣೆ ಬೇಡ. ಅವುಗಳ ಫ್ಯಾನು ಎಳೆದುಕೊಂಡ ಎಣ್ಣೆಹನಿ ಲೆನ್ಸಿನ ಮೇಲೆ ಪೊರೆಯಾಗಿ ಕೂರುತ್ತದೆ, ಧೂಳು ಅದರ ಮೇಲೆ ಅಂಟುತ್ತದೆ. ಅತ್ಯಂತ ನವಿರಾದ, ಬಹಳ ಹೊತ್ತು ನಿಲ್ಲುವ ಹೇಜ್ ಕೊಡುವುದು ಎಣ್ಣೆಯೇ ಎಂಬುದನ್ನು ಒಪ್ಪುತ್ತೇನೆ; ಆದರೂ ನಾಟಕ, ನೃತ್ಯಗಳ ಮುಚ್ಚಿದ ಸಭಾಂಗಣಕ್ಕೆ ನನ್ನ ಆಯ್ಕೆ ಟ್ರೈಎಥಿಲೀನ್ ಗ್ಲೈಕಾಲ್ ಪ್ರಧಾನವಾದ ನೀರಿನ ದ್ರವ.

ಎಷ್ಟು ಹೇಜ್ ಹೆಚ್ಚು ಎಂಬುದಕ್ಕೆ ಅಳತೆಯಿದೆ. ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳ ನಟರ ಆರೋಗ್ಯದ ಬಗ್ಗೆ 2000ದಲ್ಲಿ ಹೊರಬಂದ ಅಧ್ಯಯನವು, ಗ್ಲೈಕಾಲ್ ಹೊಗೆ ಯಾವ ಕ್ಷಣದಲ್ಲೂ ಘನ ಮೀಟರಿಗೆ 40 ಮಿಲಿಗ್ರಾಂ ಮೀರಬಾರದು, ಮಿನರಲ್ ಆಯಿಲ್ 25 ಮಿಲಿಗ್ರಾಂ ಮೀರಬಾರದು ಎಂದು ಸೂಚಿಸಿತು. ಇದರ ಅರ್ಥವನ್ನು ಹೀಗೆ ನೋಡಬಹುದು. 20 ಮೀಟರ್ ಉದ್ದ, 15 ಮೀಟರ್ ಅಗಲ, 8 ಮೀಟರ್ ಎತ್ತರದ ಸಭಾಂಗಣದ ಗಾತ್ರ 2,400 ಘನ ಮೀಟರ್. ಅದರ ತುಂಬ ಗ್ಲೈಕಾಲ್ ಸಮನಾಗಿ ಹರಡಿದರೂ 96 ಗ್ರಾಂಗೆ ಮಿತಿ ಮುಟ್ಟುತ್ತದೆ. ನಾಝಲ್‌ನ ಮುಂದೆಯೇ ನಿಂತವರ ಪಾಲಿಗೆ ಇನ್ನೂ ಬಹಳ ಬೇಗ ಮುಟ್ಟುತ್ತದೆ. ಆದ್ದರಿಂದ ಯಂತ್ರದ ಬಾಯಿ ಎಂದೂ ಕಲಾವಿದರ, ಅದರಲ್ಲೂ ಮಕ್ಕಳ ಮುಖದ ಮಟ್ಟದಲ್ಲಿ ಅವರತ್ತ ತಿರುಗಿರಬಾರದು. ತಂಡದಲ್ಲಿ ಉಬ್ಬಸದವರಿದ್ದಾರೆಯೇ ಎಂದು ಮೊದಲೇ ವಿಚಾರಿಸಿ, ಇದ್ದರೆ ಅವರ ಸರದಿಯಲ್ಲಿ ಹೇಜ್ ಬಳಸಬೇಡಿ.

ಬಯಲು ರಂಗಮಂದಿರವಾದರೆ ಈ ಚಿಂತೆಯೇ ಬೇರೆ: ಸಣ್ಣ ಗಾಳಿಗೂ ಹೇಜ್ ನಿಲ್ಲುವುದಿಲ್ಲ. ಅಲ್ಲಿ ದೊಡ್ಡ ಫಾಗ್ ಯಂತ್ರವನ್ನು ಗಾಳಿ ಬೀಸಿ ಬರುವ ಕಡೆ ಇಟ್ಟು, ಬಹಳ ಹೊತ್ತು ನಿಲ್ಲುವ ಫಾಗ್ ದ್ರವ ಬಳಸುವುದೇ ಸರಿ.

ಕೊಳ್ಳುವ ಮೊದಲು ಒಂದು ಪರೀಕ್ಷೆ

ಒಂದು ಲೀಟರ್ ಮಾತ್ರ ತಂದು, ಪ್ರದರ್ಶನದ ಸಭಾಂಗಣದಲ್ಲಿಯೇ ಪರೀಕ್ಷಿಸಿ. ಕಪ್ಪು ಪರದೆಯ ಮುಂದೆ ಒಂದೇ ಒಂದು ಕಿರಿದಾದ ಕಿರಣ ಬಿಟ್ಟು, ನಾಝಲ್‌ನಿಂದ ಒಂದು ಮೀಟರ್ ದೂರದಲ್ಲಿ ಒರೆಸಿದ ಗಾಜಿನ ತುಂಡೊಂದನ್ನು ನೆಲದ ಮೇಲಿಡಿ. ಅರ್ಧ ಗಂಟೆ ಯಂತ್ರವನ್ನು ನಡೆಸಿ ನಿಲ್ಲಿಸಿ. ಕಿರಣದ ಉದ್ದಕ್ಕೂ ಕಣ್ಣಾಡಿಸಿದಾಗ ಬೆಳಕು ಸಮವಾಗಿರಬೇಕು. ಮೋಡದ ಗಂಟುಗಳು ತೇಲುತ್ತಿದ್ದರೆ ದ್ರವ ಅಥವಾ ಫ್ಯಾನಿನ ವೇಗ ಸರಿಯಿಲ್ಲ. ಕಿರಣ ಪೂರ್ತಿ ಮಾಯವಾಗಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಟ್ಟುಕೊಳ್ಳಿ. ಎ.ಸಿ. ಇರುವ ಸಭಾಂಗಣದಲ್ಲಿ ಎರಡು ಸಲ, ಎ.ಸಿ. ಹಾಕಿ ಒಮ್ಮೆ, ಆರಿಸಿ ಒಮ್ಮೆ ನೋಡಬೇಕು, ಏಕೆಂದರೆ ಒಳಗಿನ ಗಾಳಿಯನ್ನು ಹೀರುವ ಜಾಲರಿಯ ಬಳಿ ಯಂತ್ರವಿಟ್ಟರೆ ಯಾವ ದ್ರವವೂ ನಿಲ್ಲದು. ಬಳಿಕ ಗಾಜನ್ನು ಓರೆಯಾಗಿ ದೀಪಕ್ಕೆ ಹಿಡಿದು ಬೆರಳಾಡಿಸಿ. ತೆಳ್ಳಗಿನ ಮಸುಕಿದ್ದು ಒಣಬಟ್ಟೆಗೆ ಹೋಗುವುದಾದರೆ ಚಿಂತೆಯಿಲ್ಲ. ಬೆರಳು ಅಂಟಿದರೆ ಅಥವಾ ಬಿಡಿ ಬಿಡಿ ಹನಿಗಳು ಕಂಡರೆ ಆ ದ್ರವವನ್ನು ನಿಮ್ಮ ಯಂತ್ರ ಪೂರ್ತಿ ಆವಿ ಮಾಡುತ್ತಿಲ್ಲ.

ಪರೀಕ್ಷೆಯ ದಿನವೇ ಸಭಾಂಗಣದ ವ್ಯವಸ್ಥಾಪಕರೊಂದಿಗೆ ಮಾತಾಡಿ ಬೆಂಕಿ ಎಚ್ಚರಿಕೆಯ ವ್ಯವಸ್ಥೆಯನ್ನು ವಿಚಾರಿಸಿ. ಬೆಳಕಿನ ಚದುರುವಿಕೆಯಿಂದ ಹೊಗೆಯನ್ನು ಗುರುತಿಸುವ ಡಿಟೆಕ್ಟರುಗಳು ಹೇಜ್ ಮತ್ತು ಬೆಂಕಿಯ ಹೊಗೆಗಳ ನಡುವೆ ಭೇದ ಮಾಡಲಾರವು. ಡಿಟೆಕ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟುವ ಅಡ್ಡದಾರಿಗೆ ಎಂದೂ ಹೋಗಬಾರದು. ಏನು ಮಾಡಬೇಕೆಂದು ನಿರ್ಧರಿಸಬೇಕಾದವರು ಕಟ್ಟಡದ ಅಗ್ನಿಸುರಕ್ಷತೆಯ ಹೊಣೆ ಹೊತ್ತವರು.

ಕೊಂಡ ಮೇಲಿನ ಕೆಲಸ ಕಡಿಮೆ. ಮುಚ್ಚಳ ಬಿಗಿಮಾಡಿ ನೆರಳಿನಲ್ಲಿಡಿ, ತೆರೆದ ದಿನಾಂಕವನ್ನು ಕ್ಯಾನಿನ ಮೇಲೆ ಬರೆಯಿರಿ, ಬೇರೆ ಕಂಪನಿಯ ದ್ರವಕ್ಕೆ ಬದಲಾಯಿಸುವ ಮುನ್ನ ಟ್ಯಾಂಕನ್ನು ಬರಿದು ಮಾಡಿ ಯಂತ್ರದ ಕೈಪಿಡಿ ಹೇಳಿದಂತೆ ತೊಳೆಯಿರಿ. ಉಳಿದ ದ್ರವವನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿ ವೇದಿಕೆಯ ಹಿಂದೆ ಇಡುವ ಪದ್ಧತಿಯನ್ನು ಇಂದೇ ನಿಲ್ಲಿಸಿ: ಬಣ್ಣವಿಲ್ಲದ, ವಾಸನೆಯಿಲ್ಲದ, ತುಸು ಸಿಹಿಯಾದ ಅದನ್ನು ಬಾಯಾರಿದ ಮಗು ನೀರೆಂದೇ ಎತ್ತಿಕೊಳ್ಳುತ್ತದೆ.