ಹೈಸ್ಕೂಲ್ ಹುಡ್ಗೀರ ಹಿಮೋಗ್ಲೋಬಿನ್ ಸ್ಟಡಿ: ನಾವು ರಕ್ತ ತಗೊಂಡಿದ್ದು ಹೀಗೆ

ಚಾಮರಾಜನಗರ ಕಡೆ ಸರ್ಕಾರಿ ಹೈಸ್ಕೂಲ್‌ಗಳಲ್ಲಿ ರಕ್ತಹೀನತೆ ಮೇಲೆ ಸ್ಟಡಿ ಮಾಡ್ದಾಗ ಫೀಲ್ಡ್ ಟೀಮ್ ನಾನೇ ನೋಡ್ಕೋತಿದ್ದೆ. ಹೊಸದಾಗಿ ಈ ಕೆಲಸಕ್ಕೆ ಇಳಿಯೋರು ಮೊದ್ಲು ಕೇಳೋದು, ಬೆರಳು ಚುಚ್ಚಿದ್ರೆ ಸಾಕಾ ನರದಿಂದ ತಗೋಬೇಕಾ ಅಂತ. ನರದಿಂದಾನೇ ತಗೊಳ್ಳಿ.

ಯಾಕಂದ್ರೆ 2016-18ರ ಸಿಎನ್‌ಎನ್‌ಎಸ್ (ದೇಶದ ಮಕ್ಕಳ ಪೌಷ್ಟಿಕತೆ ನೋಡಿದ) ಸರ್ವೆಲಿ ನರದ ರಕ್ತ ಲ್ಯಾಬ್ ಮಷಿನ್‌ಗೆ ಹಾಕಿ ನೋಡಿದ್ರು, 10-19 ವರ್ಷದ ಹುಡ್ಗೀರಲ್ಲಿ ಸುಮಾರು ಶೇ. 40 ಜನಕ್ಕೆ ರಕ್ತಹೀನತೆ ಅಂತ ಬಂತು. 2019-21ರ ಎನ್‌ಎಫ್‌ಎಚ್‌ಎಸ್-5 (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಬೆರಳು ಚುಚ್ಚಿ ನೋಡಿದ್ದು, 15-19ರ ಹುಡ್ಗೀರಲ್ಲಿ ಶೇ. 59. ವಯಸ್ಸು ಬೇರೆಬೇರೆ ಆದ್ರಿಂದ ನೇರವಾಗಿ ಹೋಲಿಸಕ್ಕಾಗಲ್ಲ, ಆದ್ರೂ ಬೆರಳಿನ ಹನಿಯಲ್ಲಿ ಏರುಪೇರು ಜಾಸ್ತಿನೇ. ಕೈ ತಣ್ಣಗಿದ್ರೆ ರಕ್ತ ಬರಲ್ಲ, ಬರ್ಲಿಲ್ಲ ಅಂತ ಹಿಂಡಿದ್ರೆ ಅಂಗಾಂಶದ ನೀರು ಸೇರ್ಕೊಂಡು ರೀಡಿಂಗ್ ಕೆಳಗೆ ಬರುತ್ತೆ, ಕಟಾಫ್ (ಇದಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ) 100 ಎಂಎಲ್ ರಕ್ತಕ್ಕೆ 12 ಗ್ರಾಂ ಹಿಮೋಗ್ಲೋಬಿನ್ ಇರೋವಾಗ 11.7 ಬಂದ ಹುಡುಗಿಗೆ ನಿಜವಾಗ್ಲೂ ರಕ್ತ ಕಮ್ಮಿನಾ, ಬೆರಳು ಹಿಂಡಿದ್ದಕ್ಕೆ ಹಾಗೆ ಬಂತಾ, ಹೇಳೋದು ಹೇಗೆ?

2 ಎಂಎಲ್ ಸಾಕು, ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ರಾಸಾಯನಿಕ) ಇರೋ ಟ್ಯೂಬ್, ತಗೊಂಡ ತಕ್ಷಣ ನಿಧಾನಕ್ಕೆ ಎಂಟತ್ತು ಸಲ ತಿರುಗಿಸಿ ಇಲ್ಲಾಂದ್ರೆ ಹೆಪ್ಪುಗಟ್ಟುತ್ತೆ. ಬೆಳಿಗ್ಗೆ ಖಾಲಿ ಹೊಟ್ಟೇಲಿ ಬರೋ ಮಕ್ಕಳು ತುಂಬಾ, ಈ ಟೆಸ್ಟ್‌ಗೆ ಉಪವಾಸ ಬೇಕಾಗೂ ಇಲ್ಲ, ಅದಕ್ಕೇ ಬಿಸಿಯೂಟ ಆದ್ಮೇಲೆ ಶುರು ಮಾಡ್ತಿದ್ವಿ, ತಲೆ ಸುತ್ತಿ ಬೀಳೋದು ಕಮ್ಮಿ ಆಯ್ತು.

ಕಷ್ಟ ಇರೋದು ಒಪ್ಪಿಗೆಯಲ್ಲಿ. ಅಪ್ಪ ಅಮ್ಮ ಕೊಡಗಿನ ಕಾಫಿ ತೋಟಕ್ಕೆ ಹೋಗಿರ್ತಾರೆ, ಮನೇಲಿ ಅಜ್ಜಿ, "ಮೊದ್ಲೇ ಸೊರಗಿದೆ ಮಗು, ಇನ್ನೂ ರಕ್ತ ತಗೀತೀರಾ" ಅಂತಾರೆ. ಆ ಮಾತಲ್ಲಿ ತಪ್ಪೇನೂ ಇಲ್ಲ, ಅರ್ಧ ಚಮಚಕ್ಕಿಂತ ಕಮ್ಮಿ ಅಂತ ಟ್ಯೂಬ್ ಕೈಗೆ ಕೊಟ್ಟು ತೋರಿಸ್ತಿದ್ವಿ, ಸಹಿಗೆ ಮಾತ್ರ ಅಪ್ಪ ಅಮ್ಮ ಊರಿಗೆ ಬರೋವರೆಗೂ ಕಾಯ್ತಿದ್ವಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಹೈಸ್ಕೂಲ್ ವಯಸ್ಸಿನ ಮಕ್ಕಳದ್ದೂ ಲಿಖಿತ ಸಮ್ಮತಿ ಬೇಕು. ಅಮ್ಮ ಸಹಿ ಹಾಕಿದ್ರೂ ಹುಡುಗಿ ಬೇಡ ಅಂದ್ರೆ ಬೇಡ ಅಷ್ಟೇ. ಟೀಚರ್ "ಸುಮ್ನೆ ಕೈ ಕೊಡಮ್ಮ" ಅಂದ್ರೆ ಮಗು ಕೊಟ್ಟುಬಿಡುತ್ತೆ, ಅದು ಒಪ್ಪಿಗೆ ಅಲ್ಲ, ಹಾಗಾಗಿ ರೂಮಿಂದ ಟೀಚರ್‌ನ ಮರ್ಯಾದೆಯಿಂದಲೇ ಹೊರಗೆ ಕೂರಿಸ್ತಿದ್ವಿ.

ಅದರಿಂದ ಇನ್ನೊಂದು ಉಪಯೋಗ ಆಯ್ತು. ವಾರಕ್ಕೊಂದು ಕೊಡೋ ನೀಲಿ ಐರನ್ ಮಾತ್ರೆ ನುಂಗ್ತೀಯಾ ಅಂತ ಕ್ಲಾಸಲ್ಲಿ ಕೇಳಿದ್ರೆ ಎಲ್ಲಾರೂ ಹೂಂ ಅಂತಾರೆ, ಒಬ್ಬೊಬ್ಬರನ್ನೇ ಕೇಳ್ದಾಗ "ವಾಂತಿ ಬಂದಂಗಾಗುತ್ತೆ ಅಕ್ಕ, ಬಿಸಾಕ್ತೀನಿ" ಅನ್ನೋದು ಹೊರಗೆ ಬರುತ್ತೆ. ಊಟ ಆದ್ಮೇಲೆ ತಗೋ, ಮಲ ಕಪ್ಪಗಾದ್ರೆ ಹೆದರ್ಬೇಡ ಅಂತ ಯಾರೂ ಅವರಿಗೆ ಹೇಳಿರ್ಲಿಲ್ಲ.

ರಿಸಲ್ಟ್ ಕ್ಲಾಸಲ್ಲಿ ಓದಲೇಬೇಡಿ, ಚೀಟಿ ಮಡಚಿ ಅವರವರ ಕೈಗೇ ಕೊಡಿ. ಹಿಮೋಗ್ಲೋಬಿನ್ 8 ಗ್ರಾಂಗಿಂತ ಕೆಳಗೆ ಬಂದೋರ ಮನೆಗೆ ಆಶಾ ಕಾರ್ಯಕರ್ತೆ ಜೊತೆ ನಾವೇ ಹೋಗಿ ಪಿಎಚ್‌ಸಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಿದ್ವಿ, ಆ ಓಡಾಟದ ಖರ್ಚು ಪ್ರಪೋಸಲ್ ಬರೆಯುವಾಗ್ಲೇ ಬಜೆಟ್‌ಗೆ ಸೇರಿಸ್ಕೊಳ್ಳಿ.