ಸೆಕೆಗೆ ಮಸ್ಕಡೆ: ಬಾಟಲಿ ಆರಿಸುವುದು, ತಣಿಸುವುದು

ಫ್ರಾನ್ಸಿನ ನಾಂತ್ ಸುತ್ತಮುತ್ತ ತಯಾರಾಗುವ ಮಸ್ಕಡೆ ಬಿಳಿ ವೈನು ಸೆಕೆಗೆ ಹೇಳಿ ಮಾಡಿಸಿದ್ದು. ಅಲ್ಲಿನ ಅಂಗಡಿಗಳಲ್ಲಿ 10 ಯೂರೋ ಒಳಗೇ ಒಳ್ಳೆಯ ಬಾಟಲಿ ಸಿಗುತ್ತದೆ. ಮದ್ಯಾಂಶ ಸುಮಾರು ಶೇ. 12 ಅಷ್ಟೆ. ದ್ರಾಕ್ಷಿಯ ಹೆಸರಲ್ಲಿ ಮೆಲೋನ್ ಇದ್ದರೂ ಕರ್ಬೂಜದ ಸಿಹಿ ಇಲ್ಲ; ನಿಂಬೆ, ಹಸಿರು ಸೇಬು, ಕೊನೆಗೆ ನಾಲಿಗೆಯ ಮೇಲೆ ತುಸು ಉಪ್ಪು.

ಕೊಳ್ಳುವಾಗ ನಾನು ಲೇಬಲ್ ಮೇಲೆ ಹುಡುಕುವುದು 'ಸ್ಯೂರ್ ಲಿ' ಎಂಬ ಎರಡು ಪದ. ಗಸಿಯ ಮೇಲೆ ಎಂದರ್ಥ. ಹುದುಗು ಮುಗಿದ ಮೇಲೂ ವೈನನ್ನು ಬಸಿಯದೆ ಚಳಿಗಾಲವಿಡೀ ಯೀಸ್ಟಿನ ಗಸಿಯ ಮೇಲೇ ಬಿಟ್ಟು, ಮಾರ್ಚ್ ಬಂದ ಮೇಲೆ ಬಾಟಲಿಗೆ ತುಂಬುತ್ತಾರೆ. ಇದರಿಂದ ತೆಳು ವೈನಿಗೆ ಮೈ ಬರುತ್ತದೆ. ಗ್ಯಾಸು ಚೂರು ಉಳಿದು ನಾಲಿಗೆ ಚುರುಗುಟ್ಟುತ್ತದೆ. ಕೆಟ್ಟಿದೆ ಅಂದುಕೊಂಡು ಚೆಲ್ಲಬೇಡಿ. ಕೊಯ್ಲಾಗಿ ಎರಡು ಮೂರು ವರ್ಷ ದಾಟದ್ದನ್ನೇ ತರುತ್ತೇನೆ. ಕಾರ್ಕ್ ಮೇಲೆದ್ದಿದ್ದರೆ ಬಿಸಿಲು ತಿಂದ ಬಾಟಲಿ ಇರಬಹುದು, ಬೇಡ.

ತಣಿಸುವುದರಲ್ಲೇ ಹೆಚ್ಚಿನವರು ಎಡವುವುದು. ಬರೀ ಐಸು ತುಂಬಿದರೆ ಗಾಜಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನಡುವೆ ಗಾಳಿ. ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ. ಉಪ್ಪಿನಿಂದ ನೀರು ಸೊನ್ನೆಗಿಂತ ಕೆಳಗಿಳಿಯುತ್ತದೆ. ನೀರು ಬಾಟಲಿಯ ಹೆಗಲು ಮುಳುಗಿಸಬೇಕು. ಇಲ್ಲದಿದ್ದರೆ ಕುತ್ತಿಗೆಯಲ್ಲಿದ್ದ ವೈನು ಬೆಚ್ಚಗೇ ಉಳಿದು ಮೊದಲ ಲೋಟ ಸಪ್ಪೆಯಾಗುತ್ತದೆ. ನಡುವೆ ಎರಡು ಸಲ ಮೆಲ್ಲಗೆ ತಿರುಗಿಸಿದರೆ 15–20 ನಿಮಿಷ ಸಾಕು. ಫ್ರಿಜ್ಜಿನಲ್ಲಾದರೆ ಮೂರು ಗಂಟೆ. ಫ್ರೀಜರಿನಲ್ಲಿಟ್ಟು ಮರೆತರೆ ವೈನು ಹಿಗ್ಗಿ ಕಾರ್ಕನ್ನೇ ತಳ್ಳುತ್ತದೆ, ಗಾಜು ಸೀಳುವುದೂ ಉಂಟು.

ಕುಡಿಯಲು 8–10 ಡಿಗ್ರಿ ಸರಿ. ಸೆಕೆಯಲ್ಲಿ ಲೋಟಕ್ಕೆ ಬಿದ್ದ ಕೂಡಲೇ ಬಿಸಿಯೇರುವುದರಿಂದ ನಾನು 7ಕ್ಕೆ ಸುರಿಯುತ್ತೇನೆ, ಸಣ್ಣ ಲೋಟದಲ್ಲಿ ಮೂರನೇ ಒಂದು ಭಾಗ ಮಾತ್ರ. ಇನ್ನೂ ತಣ್ಣಗಾದರೆ ಪರಿಮಳ ಸತ್ತು ಬರೀ ಹುಳಿ ಉಳಿಯುತ್ತದೆ. ಲೋಟಕ್ಕೆ ಐಸು ಹಾಕಲೇಬೇಡಿ, ತೆಳುವಾದ ವೈನು ಇದು, ನೀರು ತಾಳದು. ಬಾಟಲಿಯ ತಳದಲ್ಲಿ ಸಕ್ಕರೆಯಂಥ ಹರಳು ಕಂಡರೆ ಹೆದರಬೇಕಿಲ್ಲ. ದ್ರಾಕ್ಷಿಯದೇ ಆಮ್ಲ ತಂಪಿಗೆ ಹರಳುಗಟ್ಟಿದ್ದು.

ಜೊತೆಗೆ ನಾಂತ್ ಕಡೆಯವರಿಗೆ ಸಿಂಪಿಯೇ (ಆಯ್ಸ್ಟರ್) ಆಗಬೇಕು. ನನಗೆ ನಿಂಬೆ ಹಿಂಡಿದ ಕಾಣೆ ಮೀನಿನ ಫ್ರೈಯೂ ಅಷ್ಟೇ ಹಿತ, ಖಾರ ಕಡಿಮೆ ಇದ್ದರೆ.

ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಚೆನ್ನಾಗಿರುತ್ತದೆ. ಆ ಚುರುಗು ಹೋದ ಮೇಲೆ ಅಡುಗೆಗೆ: ಒಂದು ಕಿಲೋ ಪಚ್ಚಿಲೆಗೆ (ಚಿಪ್ಪಿನೊಳಗಿನ ಮಸೆಲ್) 150 ಮಿ.ಲೀ. ವೈನು, ಬೆಣ್ಣೆ, ಸಣ್ಣ ಈರುಳ್ಳಿ. ಮುಚ್ಚಿಟ್ಟು ದೊಡ್ಡ ಉರಿಯಲ್ಲಿ ನಾಲ್ಕೈದು ನಿಮಿಷ. ಬಾಯಿ ಬಿಡದವನ್ನು ಎಸೆಯಿರಿ.